ಬೆಡ್‌ಪ್ಯಾನ್ ಯಾರು ಎತ್ತಬೇಕು?

ಮೇ 12 ಬಂತೆಂದರೆ ಆಸ್ಪತ್ರೆಗಳ ಅಂಗಳದಲ್ಲಿ ಶಾಮಿಯಾನ ಏಳುತ್ತದೆ. ಅದು ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, ದಾದಿಯರ ದಿನ. ಬಿಳಿ ಬಟ್ಟೆಯ ಹುಡುಗಿಯರು ಸಾಲಾಗಿ ನಿಂತು ದೀಪ ಹಿಡಿದು ಪ್ರತಿಜ್ಞೆ ಮಾಡುತ್ತಾರೆ. ವೇದಿಕೆ ಮೇಲೆ ಮಂತ್ರಿಯೋ, ಸ್ವಾಮಿಯೋ, ಕಾಲೇಜಿನ ಮಾಲೀಕನೋ ಇರುತ್ತಾನೆ. ಅವನು ಮಾಡುವ ಭಾಷಣ ನಮಗೆ ಬಾಯಿಪಾಠ. ನರ್ಸು ಅಂದರೆ ತಾಯಿ, ನರ್ಸು ಅಂದರೆ ತ್ಯಾಗ, ಇದು ಉದ್ಯೋಗವಲ್ಲ ತಾಯಂದಿರೇ ಇದು ಸೇವೆ. ಚಪ್ಪಾಳೆ. ಆಮೇಲೆ ಶಾಮಿಯಾನ ಬಿಚ್ಚುತ್ತಾರೆ, ಹುಡುಗಿಯರು ನೈಟ್ ಡ್ಯೂಟಿಗೆ ಹೋಗುತ್ತಾರೆ.

ಈ ಸೇವೆ ಅನ್ನೋ ಪದ ಕೇಳಿದ ಕೂಡಲೇ ನಮ್ಮ ಕಿವಿ ನಿಮಿರುತ್ತದೆ. ಯಾಕೆಂದರೆ ಇದು ನಮಗೆ ಹೊಸ ಪದವಲ್ಲ. ಶೂದ್ರನಾದವನಿಗೆ ಒಂದೇ ಕೆಲಸ, ಮೇಲಿನ ಮೂರು ವರ್ಣದವರ ಸೇವೆಯನ್ನು ಅಸೂಯೆಯಿಲ್ಲದೆ ಮಾಡುವುದು ಅಂತ ಮನು ಬರೆದಿಟ್ಟು ಹೋಗಿದ್ದಾನೆ. ಅದನ್ನು ಬಾಬಾಸಾಹೇಬರು 1927ರಲ್ಲಿ ಮಹಾಡ್‌ನಲ್ಲಿ ಸುಟ್ಟರು. ಪುಸ್ತಕ ಸುಟ್ಟಿತು, ಪದ ಸುಡಲಿಲ್ಲ. ನಮ್ಮ ಅಪ್ಪಂದಿರು ಊರ ಸತ್ತ ದನ ಎಳೆದದ್ದೂ ಸೇವೆ, ತಮಟೆ ಬಡಿದದ್ದೂ ಸೇವೆ, ಗೌಡರ ಕೊಟ್ಟಿಗೆ ಗುಡಿಸಿದ್ದೂ ಸೇವೆ. ಕೆಲಸ ಅಂದರೆ ಕೂಲಿ ಕೇಳಬಹುದು, ಸೇವೆ ಅಂದರೆ ಕೊಟ್ಟಷ್ಟು ಇಸಕೊಂಡು ಕೈಮುಗಿಯಬೇಕು. ಕೆಲಸಕ್ಕೆ ಹೊತ್ತುಗೊತ್ತು ಉಂಟು, ಸೇವೆಗೆ ಹಗಲೂ ಇಲ್ಲ ರಾತ್ರಿಯೂ ಇಲ್ಲ. ಕೆಲಸ ಮಾಡುವವನಿಗೆ ಕಸುಬು ಗೊತ್ತಿದೆ ಅಂತ ಒಪ್ಪಬೇಕಾಗುತ್ತದೆ. ಸೇವೆ ಮಾಡುವವನಿಗೆ ಭಕ್ತಿ ಇದ್ದರೆ ಸಾಕು, ತಲೆ ಬೇಕಿಲ್ಲ. ಹೀಗಿರುವಾಗ ಒಂದು ಕಸುಬನ್ನು ಎತ್ತರಕ್ಕೇರಿಸುತ್ತೇವೆ ಅಂತ ಹೇಳಿಕೊಂಡು ಅದನ್ನು ಸೇವೆ ಅಂತ ಕರೆಯುವವನ ಮೇಲೆ ನಮಗೆ ಅನುಮಾನ.

ಗೆಳೆಯರು ಕೇಳಬಹುದು: ನರ್ಸುಗಳ ವಿಷಯ ನಮ್ಮ ಪತ್ರಿಕೆಗೆ ಯಾಕೆ ಬಂತು? ಭೂಮಿ ಉಂಟು, ಮೀಸಲಾತಿ ಉಂಟು, ದೌರ್ಜನ್ಯ ಉಂಟು, ಅದೆಲ್ಲ ಬಿಟ್ಟು ಆಸ್ಪತ್ರೆಗೆ ಯಾಕೆ ಹೋದಿರಿ? ಆಸ್ಪತ್ರೆಗೆ ನಾವು ಹೋದದ್ದು ಮುಟ್ಟುವ ಪ್ರಶ್ನೆ ಹಿಡಕೊಂಡು. ಈ ದೇಶದಲ್ಲಿ ಮೈ ಮುಟ್ಟುವುದೇ ಒಂದು ಕಸುಬಾಗಿರುವ ಜಾಗ ಅದು. ರಕ್ತ, ಕೀವು, ಹೇಲು, ಉಚ್ಚೆ, ಹೆಣ, ಹೆರಿಗೆ ಇವೆಲ್ಲ ಅಲ್ಲಿ ದಿನದ ಮಾತು. ಜಾತಿ ಅನ್ನೋದು ಯಾವ ಯಾವುದನ್ನು ಮೈಲಿಗೆ ಅಂತ ಪಟ್ಟಿ ಮಾಡಿ ನಮ್ಮ ಕೇರಿಗೆ ತಳ್ಳಿತೋ ಅದಷ್ಟೂ ಒಂದೇ ಸೂರಿನಡಿ ಅಲ್ಲಿದೆ. ಹಾಗಾದರೆ ಅಲ್ಲಿ ಜಾತಿ ಸತ್ತಿದೆಯೋ, ಅಥವಾ ಬಿಳಿ ಬಟ್ಟೆ ಹಾಕಿಕೊಂಡು ಓಡಾಡುತ್ತಿದೆಯೋ, ನೋಡಬೇಕಲ್ಲ.

ಹಿಂದಕ್ಕೆ ಹೋಗಿ ನೋಡಿ. ಆಸ್ಪತ್ರೆ ಬರುವ ಮೊದಲು ಹಳ್ಳಿಯಲ್ಲಿ ಹೆರಿಗೆ ಮಾಡಿಸುತ್ತಿದ್ದವಳು ಸೂಲಗಿತ್ತಿ. ಅನೇಕ ಕಡೆ ಆಕೆ ಕೆಳಜಾತಿಯ ಹೆಂಗಸು, ಎಷ್ಟೋ ಊರುಗಳಲ್ಲಿ ನಮ್ಮ ಕೇರಿಯವಳೇ. ಬೇರೆ ದಿನ ಜಗಲಿ ಹತ್ತಬಾರದವಳು ನಡುರಾತ್ರಿ ಒಳಕೋಣೆಗೆ ಹೋಗುತ್ತಿದ್ದಳು. ದೊಡ್ಡಮನೆಯ ಕೂಸಿನ ತಲೆಯನ್ನು ಮೊದಲು ಮುಟ್ಟಿದ್ದು ಅವಳ ಕೈ, ಹೊಕ್ಕುಳಬಳ್ಳಿ ಕೊಯ್ದದ್ದು ಅವಳ ಕೈ. ಕೂಸು ಅತ್ತಿತು, ತಾಯಿ ಉಳಿದಳು, ಇವಳಿಗೆ ಮೊರದಲ್ಲಿ ಅಕ್ಕಿ ಹಾಕಿ ಕಳಿಸಿದರು. ಆಮೇಲೆ ಅವಳು ನಡೆದ ಜಾಗಕ್ಕೆಲ್ಲ ನೀರು ಹಾಕಿ ಶುದ್ಧ ಮಾಡಿದರು. ಈ ಕೈ ಬೇಕು, ಕೈಯ ಹಿಂದಿನ ಮನುಷ್ಯಳು ಬೇಡ. ಇದಕ್ಕಿಂತ ದೊಡ್ಡ ತತ್ವಶಾಸ್ತ್ರದ ಸಮಸ್ಯೆ ಯಾವುದಿದೆ ನಮಗೆ ಗೊತ್ತಿಲ್ಲ. ಆತ್ಮ ಪರಮಾತ್ಮ ಒಂದೋ ಎರಡೋ ಅಂತ ಸಾವಿರ ವರ್ಷ ಜಗಳ ಆಡಿದವರು ಒಂದು ಕೈಯನ್ನೂ ಅದರ ಒಡತಿಯನ್ನೂ ಯಾವ ಪ್ರಮಾಣದಿಂದ ಬೇರೆ ಮಾಡಿದರು ಅಂತ ಯಾರೂ ಕೇಳಲಿಲ್ಲ.

ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಮೇಲೆ ಹೆರಿಗೆ ಮಾಡಿಸಿದವರು. ಕಾಸು ಕೇಳದೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಎಲ್ಲ ಪತ್ರಿಕೆಯವರೂ ಆ ತಾಯಿಯ ನಿಸ್ವಾರ್ಥ ಸೇವೆ ಅಂತಲೇ ಬರೆದರು. ಆಕೆಗೆ ಏನು ಗೊತ್ತಿತ್ತು ಅಂತ ಎಷ್ಟು ಜನ ಬರೆದರು? ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಎಲ್ಲಿದೆ ಅಂತ ಹೇಳುವುದು ನಿಸ್ವಾರ್ಥದಿಂದ ಬರುವುದಿಲ್ಲ ಸ್ವಾಮಿ, ಕಲಿತು ಬರುತ್ತದೆ.

ಬ್ರಿಟಿಷರು ಹೋಗುವ ಹೊತ್ತಿಗೆ ಈ ದೇಶದಲ್ಲಿ ನರ್ಸುಗಳು ಎಷ್ಟಿದ್ದರು? 1946ರ ಭೋರ್ ಸಮಿತಿ ವರದಿಯ ಲೆಕ್ಕ: 6,300 ಜನಕ್ಕೆ ಒಬ್ಬ ಡಾಕ್ಟರು, 43,000 ಜನಕ್ಕೆ ಒಬ್ಬ ನರ್ಸು. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಜಾತಿ ಕೂತಿದೆ. ಡಾಕ್ಟರಾಗಲು ಮೇಲ್ಜಾತಿಯವರು ಬಂದರು, ಅದು ವಿದ್ಯೆ. ನರ್ಸಾಗಲು ಬರಲಿಲ್ಲ, ಅದು ಕೊಳೆ, ಅದರಲ್ಲೂ ಹೆಣ್ಣು ಪರಗಂಡಸರ ಮೈ ಮುಟ್ಟುವುದು. ಆಗ ಬಂದವರು ಆಂಗ್ಲೋ ಇಂಡಿಯನ್ನರು, ಮಿಷನ್ ಆಸ್ಪತ್ರೆಗಳ ಕ್ರೈಸ್ತ ಹೆಣ್ಣುಮಕ್ಕಳು. ಅವರಲ್ಲಿ ಎಷ್ಟೋ ಜನರ ಅಜ್ಜ ಮುತ್ತಜ್ಜ ನಮ್ಮಂಥ ಕೇರಿಗಳಿಂದಲೇ ಎದ್ದು ಚರ್ಚಿನ ಬಾಗಿಲಿಗೆ ಹೋದವರು. ಆಮೇಲೆ ಕೇರಳದ ಹುಡುಗಿಯರು ದೇಶವನ್ನೆಲ್ಲ, ಕೊಲ್ಲಿಯನ್ನೆಲ್ಲ ತುಂಬಿದರು. ಕಾಸು ಬರುವ ಕೆಲಸ, ವಿದೇಶಕ್ಕೆ ಹೋಗುವ ಕೆಲಸ ಅಂತ ಆದ ಮೇಲೆ ಎಲ್ಲ ಜಾತಿಯವರೂ ಬಂದರು. ಡಾಲರಿಗೆ ಮೈಲಿಗೆ ಇಲ್ಲ ನೋಡಿ.

ನಮ್ಮ ಅಕ್ಕ ಒಬ್ಬಳಿದ್ದಾಳೆ. ಒಡಹುಟ್ಟಿದವಳಲ್ಲ, ಕೇರಿಯ ಅಕ್ಕ. ಕನ್ನಡ ಮೀಡಿಯಮ್ಮಿನಲ್ಲಿ ಓದಿ ನರ್ಸಿಂಗಿಗೆ ಸೇರಿ, ಅನಾಟಮಿ ಪುಸ್ತಕದ ಒಂದೊಂದು ಇಂಗ್ಲಿಷ್ ಪದದ ಮೇಲೂ ಪೆನ್ಸಿಲ್ಲಿನಲ್ಲಿ ಕನ್ನಡ ಅಕ್ಷರದಲ್ಲಿ ಉಚ್ಚಾರ ಬರೆದುಕೊಂಡು ಪಾಸಾದವಳು. ಈಗ ಒಂದು ಜಿಲ್ಲೆಯ ಆಸ್ಪತ್ರೆಯಲ್ಲಿದ್ದಾಳೆ, ಹೆಸರು ಬೇಡ. ಒಬ್ಬ ಮುದುಕ, ಸೊಂಟ ಮುರಿದು ಮಲಗಿದವನು, ಅಕ್ಕ ಸೂಜಿ ಹಾಕಲು ಹೋದಾಗ ಕೇಳಿದನಂತೆ, "ಯಾವ ಊರವ್ವ? ಯಾವ ಪೈಕಿ?" ಅಕ್ಕ ಹೇಳಿದಳು. ಮುದುಕ ಸೂಜಿ ಹಾಕಿಸಿಕೊಂಡ. ಮೈ ಒರೆಸಿಸಿಕೊಂಡ. ರಾತ್ರಿ ಮಾತ್ರೆಗೆ ನೀರು ಕೊಟ್ಟಾಗ ಮಾತ್ರ, "ಅಲ್ಲಿಡವ್ವ, ನಮ್ಮುಡುಗ ಬಂದು ಕೊಡ್ತಾನೆ" ಅಂದ. ಕುಂಡೆಗೆ ಹಾಕುವ ಸೂಜಿಗೆ ಜಾತಿ ಇಲ್ಲ, ಬಾಯಿಗೆ ಹಾಕುವ ನೀರಿಗೆ ಉಂಟು. ಸೂಲಗಿತ್ತಿಯನ್ನು ಒಳಕ್ಕೆ ಬಿಟ್ಟುಕೊಂಡು ಆಮೇಲೆ ನೆಲ ತೊಳೆದವರ ಮೊಮ್ಮಗ ಇವನು. ಅಕ್ಕ ನಗುತ್ತಾ ಹೇಳಿದಳು. ನಮಗೆ ನಗು ಬರಲಿಲ್ಲ.

ನೈಟಿಂಗೇಲ್ ವಿಷಯಕ್ಕೆ ಬರೋಣ. ಆಕೆಯ ಮೇಲೆ ನಮಗೆ ಸಿಟ್ಟಿಲ್ಲ. ಆಳುವ ವರ್ಗದಲ್ಲಿ ಹುಟ್ಟಿದ ಹೆಣ್ಣು, ಹಿಂದೂಸ್ತಾನಕ್ಕೆ ಒಂದು ದಿನವೂ ಬಾರದೆ ಇಲ್ಲಿನ ನೈರ್ಮಲ್ಯದ ಮೇಲೆ ವರ್ಷಗಟ್ಟಲೆ ಬರೆದ ಹೆಣ್ಣು, ಅದೆಲ್ಲ ಇರಲಿ. ನಮ್ಮ ತಕರಾರು ಆಕೆಯ ಕೈಯಲ್ಲಿ ದೀಪ ಕೊಟ್ಟು ನಿಲ್ಲಿಸಿದವರ ಮೇಲೆ. 1854ರಲ್ಲಿ ಕ್ರಿಮಿಯಾ ಯುದ್ಧಕ್ಕೆ ಹೋದಾಗ ಆಕೆ ದೀಪ ಹಿಡಿದು ವಾರ್ಡು ಸುತ್ತಿದ್ದು ನಿಜ. ಆದರೆ ಆಕೆ ಮಾಡಿದ ದೊಡ್ಡ ಕೆಲಸ ಲೆಕ್ಕ. ಗುಂಡೇಟಿನಿಂದ ಸತ್ತ ಸೈನಿಕರಿಗಿಂತ ಎಷ್ಟೋ ಪಟ್ಟು ಜನ ಕಾಯಿಲೆಯಿಂದ ಸತ್ತಿದ್ದಾರೆ, ಕೊಂದದ್ದು ಶತ್ರುವಲ್ಲ ಮೋರಿ ಅಂತ ಅಂಕಿಅಂಶ ಕೂಡಿಸಿ, 1858ರಲ್ಲಿ ಬಣ್ಣಬಣ್ಣದ ಚಕ್ರದ ಚಿತ್ರ ಮಾಡಿ ಸರ್ಕಾರದ ಮುಖಕ್ಕೆ ಹಿಡಿದಳು. ಬ್ರಿಟನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಹೆಣ್ಣು ಸದಸ್ಯೆ ಆಕೆ. ಅಧಿಕಾರಕ್ಕೆ ಸುಳ್ಳು ಅಂತ ಹೇಳುವ ಲೆಕ್ಕ ಅದು. ನಮ್ಮ ಶಾಮಿಯಾನದ ಕೆಳಗೆ ಆ ಲೆಕ್ಕದ ಚಿತ್ರವನ್ನು ಯಾವ ಹುಡುಗಿಯ ಕೈಗೂ ಕೊಡುವುದಿಲ್ಲ. ದೀಪ ಕೊಡುತ್ತಾರೆ. ದೀಪ ಹಿಡಿದವಳು ಸುಮ್ಮನೆ ನಡೆಯುತ್ತಾಳೆ, ಲೆಕ್ಕ ಹಿಡಿದವಳು ಬಾಯಿ ಬಿಡುತ್ತಾಳೆ.

ಅದೇ ಯುದ್ಧಕ್ಕೆ ಜಮೈಕಾದ ಕಪ್ಪು ಹೆಣ್ಣುಮಗಳು ಮೇರಿ ಸೀಕೋಲ್ ತಾನೂ ಬರುತ್ತೇನೆ ಅಂತ ಲಂಡನ್ನಿನ ಬಾಗಿಲುಗಳನ್ನು ತಟ್ಟಿದಳು. ಕಾಲರಾ ರೋಗಿಗಳನ್ನು ನೋಡಿಕೊಂಡ ಅನುಭವ ಆಕೆಗಿತ್ತು. ತೆಗೆದುಕೊಳ್ಳಲಿಲ್ಲ. ಸ್ವಂತ ಕಾಸಿನಲ್ಲಿ ಹೋಗಿ ಯುದ್ಧದ ನೆಲದ ಹತ್ತಿರ ಒಂದು ತಂಗುಮನೆ ನಡೆಸಿ ಸೈನಿಕರನ್ನು ನೋಡಿಕೊಂಡಳು. ಆಕೆ ನಮ್ಮ ಶಾಮಿಯಾನಕ್ಕೆ ಇನ್ನೂ ಬಂದಿಲ್ಲ.

ಇನ್ನೊಬ್ಬಳು ನಮ್ಮ ನೆರೆಯವಳೇ. 1897ರಲ್ಲಿ ಪುಣೆಗೆ ಪ್ಲೇಗ್ ಬಂದಾಗ ಸಾವಿತ್ರಿಬಾಯಿ ಫುಲೆಗೆ ಅರವತ್ತಾರು ವರ್ಷ. ದತ್ತುಮಗ ಯಶವಂತ ಡಾಕ್ಟರು. ಹಡಪ್ಸರ್ ಕಡೆ ಊರಾಚೆ ಚಿಕಿತ್ಸೆಯ ಜಾಗ ಮಾಡಿದರು. ಮುಂಢ್ವಾದ ಮಹಾರ ಕೇರಿಯ ಹುಡುಗನಿಗೆ ಪ್ಲೇಗ್ ತಗುಲಿದೆ ಅಂತ ತಿಳಿದು ಆ ಮುದುಕಿ ಹೋಗಿ ಅವನನ್ನು ಬೆನ್ನಮೇಲೆ ಹೊತ್ತು ತಂದಳು. ಅದೇ ರೋಗ ತಗುಲಿ ಮಾರ್ಚ್ 10ರಂದು ಸತ್ತಳು. ಶಾಲೆ ತೆರೆದ ಸಾವಿತ್ರಿಬಾಯಿಯನ್ನು ಈಗ ಎಲ್ಲರೂ ನೆನೆಯುತ್ತಾರೆ, ಒಳ್ಳೆಯದೇ. ಆದರೆ ಆ ಬೆನ್ನನ್ನು ಮರೆಯಬಾರದು. ಮುಟ್ಟಬಾರದ ಕೇರಿಯ, ಮುಟ್ಟಬಾರದ ರೋಗದ ಹುಡುಗ. ಯಾರೂ ಆಕೆಗೆ ಇದು ನಿನ್ನ ಧರ್ಮ ಅಂತ ಹೇಳಿರಲಿಲ್ಲ, ಅವರ ಧರ್ಮ ತದ್ವಿರುದ್ಧ ಹೇಳುತ್ತಿತ್ತು. ಹೇರಿದ್ದಕ್ಕೂ ಹೊತ್ತದ್ದಕ್ಕೂ ಇರುವ ವ್ಯತ್ಯಾಸ ಅಲ್ಲಿದೆ.

ನಾವು ಪದ್ಯ ಬರೆಯುವವರು. ಸೃಜನಶೀಲತೆ ಅನ್ನೋದು ನಮ್ಮಪ್ಪನ ಆಸ್ತಿ ಅಂತ ತಿಳಿದಿದ್ದವರು (ಬೇರೆ ಆಸ್ತಿ ಇರಲಿಲ್ಲವಲ್ಲ). ಅಕ್ಕನ ವಾರ್ಡಿನಲ್ಲಿ ಕೂತು ಕೂತು ಆ ಜಂಬ ಸ್ವಲ್ಪ ಇಳಿದಿದೆ. 1956ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಅಂತ ಒಬ್ಬ ನರ್ಸ್ ಇದ್ದಳು. ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡು ಅವಳದು. ಬಿಸಿಲು ಗಾಳಿ ಒಳ್ಳೆಯದು ಅಂತ ಕೂಸುಗಳನ್ನು ಅಂಗಳಕ್ಕೆ ತಂದು ಮಲಗಿಸುತ್ತಿದ್ದಳು. ಒಂದು ದಿನ ಕಾಮಾಲೆಯ ಕೂಸೊಂದನ್ನು ಬಿಚ್ಚಿ ಡಾಕ್ಟರುಗಳಿಗೆ ತೋರಿಸಿದಳು. ಬಿಸಿಲು ಬಿದ್ದ ಕಡೆ ಹಳದಿ ಹೋಗಿತ್ತು, ಬಟ್ಟೆ ಮುಚ್ಚಿದ್ದ ಒಂದು ಮೂಲೆಯಲ್ಲಿ ಮಾತ್ರ ಹಳದಿ ಹಾಗೇ ಇತ್ತು. ಇವತ್ತು ಲೋಕದ ಆಸ್ಪತ್ರೆಗಳಲ್ಲೆಲ್ಲ ಕಾಮಾಲೆ ಕೂಸುಗಳನ್ನು ನೀಲಿ ಬೆಳಕಿನಡಿ ಮಲಗಿಸುತ್ತಾರಲ್ಲ, ಅದು ಅಲ್ಲಿಂದ ಹೊರಟದ್ದು. 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲೇಖನ ಬಂತು. ಬರೆದವರ ಜಾಗದಲ್ಲಿ ಬೇರೆ ಮೂವರ ಹೆಸರು. ಸಿಸ್ಟರ್ ವಾರ್ಡ್ ಹೆಸರು ಅಲ್ಲಿಲ್ಲ. ನಮ್ಮ ಕೇರಿಯ ಮುದುಕಿಯರೂ ಎಳೆಬಿಸಿಲಿಗೆ ಕೂಸು ಹಿಡಿದುಕೊಂಡು ಕೂರುತ್ತಿದ್ದರು. ಅವರ ಹತ್ತಿರಕ್ಕೆ ಬಂದು ನೋಡುವ ಡಾಕ್ಟರೂ ಇರಲಿಲ್ಲ, ಹೆಸರು ಕದಿಯುವುದಕ್ಕಾದರೂ.

2021ರಲ್ಲಿ ಕೊರೊನಾ ಹೊತ್ತಿನಲ್ಲಿ ಬ್ರೆಜಿಲ್ಲಿನ ನರ್ಸುಗಳು ಎರಡು ರಬ್ಬರ್ ಕೈಗವಸಿಗೆ ಬಿಸಿನೀರು ತುಂಬಿ ಕಟ್ಟಿ ರೋಗಿಯ ತಣ್ಣಗಾದ ಕೈಯನ್ನು ಅವುಗಳ ನಡುವೆ ಇಟ್ಟರು. ಕೈ ಬೆಚ್ಚಗಾದರೆ ರಕ್ತ ಓಡುತ್ತದೆ, ಬೆರಳಿಗೆ ಸಿಕ್ಕಿಸಿದ ಯಂತ್ರ ಆಮ್ಲಜನಕವನ್ನು ಸರಿಯಾಗಿ ಓದುತ್ತದೆ. ಜೊತೆಗೆ, ನೆಂಟರಿಷ್ಟರು ಯಾರೂ ಹತ್ತಿರ ಬರಲಾಗದ ಆ ಕೋಣೆಯಲ್ಲಿ ಯಾರೋ ಕೈ ಹಿಡಿದ ಹಾಗೂ ಆಗುತ್ತದೆ. ಇದನ್ನು ಕಾವ್ಯ ಅನ್ನದೆ ಏನನ್ನಬೇಕು? ನಮ್ಮ ಒಂದು ಸಂಕಲನದಲ್ಲಿ ಇಂಥ ಒಂದು ಪ್ರತಿಮೆ ಇದ್ದರೆ ನಾವು ಊರೆಲ್ಲ ಸಾರಿಕೊಂಡು ಬರುತ್ತಿದ್ದೆವು.

ಅದರ ಹಿಂದಿನ ವರ್ಷ, 2020, ನೈಟಿಂಗೇಲ್ ಹುಟ್ಟಿ ಇನ್ನೂರು ವರ್ಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ದಾದಿಯರ ಸೂಲಗಿತ್ತಿಯರ ವರ್ಷ ಅಂತ ಸಾರಿತ್ತು. ನಮ್ಮಲ್ಲಿ ಮಾರ್ಚ್ 22ರಂದು ತಟ್ಟೆ ಬಡಿದರು, ಏಪ್ರಿಲ್ 5ರಂದು ದೀಪ ಹಚ್ಚಿದರು, ಮೇ 3ರಂದು ಹೆಲಿಕಾಪ್ಟರಿನಿಂದ ಆಸ್ಪತ್ರೆಗಳ ಮೇಲೆ ಹೂ ಸುರಿದರು. ಅದೇ ದಿನಗಳಲ್ಲಿ ನರ್ಸುಗಳನ್ನು ಬಾಡಿಗೆ ಮನೆಯಿಂದ ಹೊರಕ್ಕೆ ಹಾಕಿದ ಸುದ್ದಿಯೂ ಬರುತ್ತಿತ್ತು. ಮೇಲಿನಿಂದ ಹೂ, ಕೆಳಗಿನಿಂದ ಬಾಗಿಲು. ಮನೆಯ ಓನರು ನರ್ಸಿಗೆ ಹೇಳಿದ ಮಾತು, ಹತ್ತಿರ ಬರಬೇಡ, ನೀನು ಮುಟ್ಟಿದ್ದನ್ನು ನಾವು ಮುಟ್ಟುವುದಿಲ್ಲ ಅನ್ನೋದು, ಅವಳಿಗೆ ಹೊಸದು. ನಮಗೆ ಹಳೆಯದು. ಎಲ್ಲ ಜಾತಿಯ ನರ್ಸುಗಳೂ ಕೆಲವು ತಿಂಗಳು ಅಸ್ಪೃಶ್ಯರಾಗಿದ್ದರು. ಆ ರುಚಿ ಅವರಿಗೆ ನೆನಪಿದೆಯೋ ಇಲ್ಲವೋ.

ಈಗ ಮುಂದಾಳತ್ವ ಅನ್ನೋ ಮಾತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಒಂದು ವರದಿ ತಂದಿತು: ಆರೋಗ್ಯದ ಕೆಲಸ ಮಾಡುವವರಲ್ಲಿ ನೂರಕ್ಕೆ ಎಪ್ಪತ್ತು ಹೆಂಗಸರು, ಮೇಲಿನ ಕುರ್ಚಿಗಳಲ್ಲಿ ನೂರಕ್ಕೆ ಇಪ್ಪತ್ತೈದು. ಇದನ್ನು ನೋಡಿ ಕೆಲವರು ಕುರ್ಚಿ ಕೇಳುತ್ತಾರೆ, ಕೇಳಲಿ, ನ್ಯಾಯವಾದದ್ದೇ. ಆದರೆ ಕುರ್ಚಿ ಇಲ್ಲದೆಯೂ ನರ್ಸುಗಳು ಮುಂದಾಳುಗಳಾದ ಒಂದು ಕಥೆ ನಮ್ಮ ನಾಡಿನ ಹೆಣ್ಣುಮಗಳೊಬ್ಬಳ ಸುತ್ತ ನಡೆದಿದೆ. ಹೊನ್ನಾವರದ ಹಳದೀಪುರದಿಂದ ಮುಂಬೈಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅರುಣಾ ಶಾನಭಾಗ್. 1973ರ ನವೆಂಬರ್ 27ರ ರಾತ್ರಿ ಅದೇ ಆಸ್ಪತ್ರೆಯ ಜಾಡಮಾಲಿಯೊಬ್ಬ ಆಕೆಯ ಕೊರಳಿಗೆ ನಾಯಿ ಕಟ್ಟುವ ಸರಪಣಿ ಬಿಗಿದು ಅತ್ಯಾಚಾರ ಮಾಡಿದ. ಮಿದುಳಿಗೆ ಉಸಿರು ಹೋಗಲಿಲ್ಲ. ಆಕೆ ಮತ್ತೆ ಏಳಲಿಲ್ಲ. 2015ರ ಮೇ 18ರವರೆಗೆ, ನಲವತ್ತೊಂದೂವರೆ ವರ್ಷ, ಆ ಆಸ್ಪತ್ರೆಯ ನರ್ಸುಗಳು ತಲೆಮಾರಿನಿಂದ ತಲೆಮಾರಿಗೆ ಆಕೆಯನ್ನು ನೋಡಿಕೊಂಡರು. ಹಾಸಿಗೆ ಖಾಲಿ ಮಾಡಿಸಲು ಪಾಲಿಕೆ ಹೊರಟಾಗ ಪ್ರತಿಭಟನೆ ಮಾಡಿ ನಿಲ್ಲಿಸಿದರು. ಅಷ್ಟು ವರ್ಷ ಮಲಗಿದ ಮೈಗೆ ಒಂದು ಹಾಸಿಗೆ ಹುಣ್ಣೂ ಆಗಿರಲಿಲ್ಲ ಅನ್ನುವುದು ಸುಪ್ರೀಂ ಕೋರ್ಟಿನವರೆಗೆ ಹೋದ ಮಾತು. ಹಾಸಿಗೆ ಹಿಡಿದವರನ್ನು ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು ಅಂತ ಅಕ್ಕ ಹೇಳುತ್ತಾಳೆ. ನಲವತ್ತು ವರ್ಷದಲ್ಲಿ ಎಷ್ಟು ಸಲ ಆಯಿತು, ಲೆಕ್ಕ ಹಾಕಿ.

ಆಕೆಗೆ ಸಾವು ದಯಪಾಲಿಸಿ ಅಂತ ಲೇಖಕಿಯೊಬ್ಬರು ಕೋರ್ಟಿಗೆ ಹೋದರು. ಕರುಣೆಯಿಂದಲೇ ಹೋದರು, ಅನುಮಾನವಿಲ್ಲ. 2011ರ ಮಾರ್ಚ್ 7ರಂದು ಕೋರ್ಟು, ಆಕೆಯ ಪರವಾಗಿ ಮಾತಾಡುವ ಹಕ್ಕು ಹಗಲೂ ರಾತ್ರಿ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಗೆ ಇದೆ, ಅವರೇ ಆಕೆಯ ಆಪ್ತರು ಅಂದಿತು. ಅವರು ಬದುಕಲಿ ಅಂದರು. ಬದುಕಿದಳು. ದಯಾಮರಣ ಸರಿಯೋ ತಪ್ಪೋ ಅನ್ನುವ ತಕರಾರು ಬೇರೆ, ಆ ನರ್ಸುಗಳ ತೀರ್ಮಾನವೇ ಸರಿ ಅಂತ ನಾವು ಆಣೆ ಇಡಲಾರೆವು. ನಮಗೆ ಹಿಡಿಸಿದ್ದು ಕೋರ್ಟು ಕೇಳಿದ ಪ್ರಶ್ನೆ. ಯಾರ ರಕ್ತ, ಯಾರ ಜಾತಿ, ಯಾರ ವಿದ್ಯೆ ಅಂತ ಅದು ಕೇಳಲಿಲ್ಲ. ಯಾರು ಮೈ ಒರೆಸಿದರು ಅಂತ ಕೇಳಿತು. ಮುಟ್ಟಿದವರಿಗೆ ಮಾತಾಡುವ ಹಕ್ಕು. ಸೂಲಗಿತ್ತಿಯನ್ನು ಮೊರದ ಅಕ್ಕಿ ಕೊಟ್ಟು ಹೊರಗೆ ಕಳಿಸಿದ ದೇಶದಲ್ಲಿ ಇದು ಸಣ್ಣ ಮಾತಲ್ಲ.

ಇಲ್ಲಿ ಒಂದು ಕಹಿ ಉಂಟು, ನುಂಗಬಾರದು. ಆ ಜಾಡಮಾಲಿಯ ಹೆಸರಿನ ಕೊನೆಗಿದ್ದದ್ದು ವಾಲ್ಮೀಕಿ. ಉತ್ತರದಲ್ಲಿ ಹೇಲು ಬಳಿಯುವ ಕೆಲಸ ಹೊರಿಸಲ್ಪಟ್ಟ ನಮ್ಮವರ ಹೆಸರು. ಅದೇ 1973ರ ಅದೇ ನವೆಂಬರ್ ತಿಂಗಳು ಮೈಸೂರಿನಲ್ಲಿ ಬಸವಲಿಂಗಪ್ಪನವರು ಬೂಸಾ ಅನ್ನುವ ಮಾತಾಡಿದರು, ಅದರ ಗಲಾಟೆಯಿಂದ ನಮ್ಮ ಚಳವಳಿಯೇ ಹುಟ್ಟಿತು. ಆ ತಿಂಗಳನ್ನು ನಾವು ನಮ್ಮ ಹುಟ್ಟಿದಹಬ್ಬದ ಹಾಗೆ ನೆನೆಯುತ್ತೇವೆ. ಹಳದೀಪುರದ ಆ ಹುಡುಗಿಯನ್ನು ಯಾಕೆ ನೆನೆಯುವುದಿಲ್ಲ? ಅವಳು ನಮ್ಮ ಜಾತಿಯಲ್ಲ ಅಂತಲೋ, ಮಾಡಿದವನು ನಮ್ಮವನು ಅಂತಲೋ? ಏಣಿಯ ಕೆಳಗಿನ ಮೆಟ್ಟಿಲಲ್ಲಿ ನಿಂತ ಗಂಡಸು ತನಗಿಂತ ಕೆಳಗೆ ಒಂದು ಮೆಟ್ಟಿಲು ಹುಡುಕಿದ, ಹೆಣ್ಣು ಸಿಕ್ಕಳು. ಇದು ಅವನಿಗೆ ಸಮಜಾಯಿಷಿ ಅಲ್ಲ. ಏಣಿ ಒಂದೇ ಅಲ್ಲ ಅನ್ನೋದಕ್ಕೆ ಹೇಳಿದೆವು.

ಬಸವಲಿಂಗಪ್ಪನವರ ಹೆಸರು ಬಂದಿದ್ದಕ್ಕೆ ಇನ್ನೊಂದು ಕಾರಣ. ಮಂತ್ರಿಯಾಗಿ ಅವರು ಮಾಡಿದ ದೊಡ್ಡ ಕೆಲಸ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದು. ನಮ್ಮ ಚಳವಳಿ ನಮಗೆ ಕಲಿಸಿದ್ದು ಅದನ್ನೇ: ಬುಟ್ಟಿ ಬಿಸಾಡು, ಪುಸ್ತಕ ಹಿಡಿ. ನಾವು ಹಾಗೇ ಬಂದೆವು, ಮನೆಗೆ ಮೊದಲ ಡಿಗ್ರಿ ತಂದೆವು. ಅಕ್ಕ ನರ್ಸಾದಾಗ ನಮ್ಮ ಗೆಳೆಯನೊಬ್ಬ ಕೇಳಿಯೇ ಬಿಟ್ಟ, "ಅಲ್ಲ ಕಣಕ್ಕ, ಓದಿ ಓದಿ ಮತ್ತೆ ಬೆಡ್‌ಪ್ಯಾನ್ ಎತ್ತಾದಕ್ಕೆ ಹೋದ್ಯಲ್ಲ?" ಅವಳು ಏನೂ ಅನ್ನಲಿಲ್ಲ. ಆ ಪ್ರಶ್ನೆ ನಮ್ಮೊಳಗೆ ಬಹಳ ದಿನ ಕೊರೆಯಿತು. ಬುಟ್ಟಿಗೂ ಬೆಡ್‌ಪ್ಯಾನಿಗೂ ವ್ಯತ್ಯಾಸ ಏನು? ಎರಡರಲ್ಲಿಯೂ ಇರುವುದು ಅದೇ.

ನಮಗೆ ಹೊಳೆದದ್ದು ಇಷ್ಟು. ಎದ್ದು ಹೋಗಬಲ್ಲವನ ಹೇಲು ಬೇರೆ, ಏಳಲಾರದವನ ಹೇಲು ಬೇರೆ. ಕಾಲು ಗಟ್ಟಿ ಇರುವವನು, ಕೈ ಗಟ್ಟಿ ಇರುವವನು, ತನ್ನದನ್ನು ಇನ್ನೊಬ್ಬನ ತಲೆ ಮೇಲೆ ಹೊರಿಸಿದರೆ ಅದು ಜಾತಿ. ಹಾಸಿಗೆ ಹಿಡಿದವನದನ್ನು ಎತ್ತುವುದು ಮನುಷ್ಯ ಮನುಷ್ಯನಿಗೆ ಕೊಡಬೇಕಾದ ಬಾಕಿ. ನಾವು ಎಲ್ಲರೂ ಹುಟ್ಟಿದಾಗ ಆ ಸಾಲ ಮಾಡಿದವರೇ, ಸಾಯುವಾಗ ಮತ್ತೆ ಮಾಡುವವರೇ. ಇನ್ನೊಂದು, ಬುಟ್ಟಿ ಹೊರುವವಳಿಗೆ ಅದರಲ್ಲಿ ಓದುವುದಕ್ಕೆ ಏನೂ ಇರಲಿಲ್ಲ, ಹೊತ್ತು ಚೆಲ್ಲಬೇಕಷ್ಟೆ. ನರ್ಸು ಬೆಡ್‌ಪ್ಯಾನನ್ನು ಓದುತ್ತಾಳೆ. ಬಣ್ಣ ನೋಡುತ್ತಾಳೆ, ರಕ್ತ ಉಂಟೋ, ನೀರಾಗಿದೆಯೋ, ಎಷ್ಟಾಯಿತು, ಬರೆದಿಡುತ್ತಾಳೆ. ಮೈಯೊಳಗಿನ ಸುದ್ದಿ ಅದು. ಅದನ್ನು ಮೈಲಿಗೆ ಅಂತ ಮುಖ ತಿರುಗಿಸಿದವಳಿಗೆ ಸುದ್ದಿ ಸಿಗುವುದಿಲ್ಲ.

ಇದನ್ನೆಲ್ಲ ಬಹಳ ಚೆನ್ನಾಗಿ ಜೋಡಿಸಿಕೊಂಡು, ಹೆಚ್ಚೂಕಮ್ಮಿ ಒಂದು ಭಾಷಣ ಮಾಡಿಕೊಂಡು ಅಕ್ಕನ ಹತ್ತಿರ ಹೋದೆವು. ಈಗ ನಡೆಯುತ್ತಿರುವುದು ಹೀಗಿದೆಯಲ್ಲ: ಡಾಕ್ಟರು ಬರೆದು ಹೋಗುತ್ತಾನೆ, ನರ್ಸು ಸೂಜಿ ಹಾಕುತ್ತಾಳೆ, ಬೆಡ್‌ಪ್ಯಾನ್ ಆಯಾಳ ಕೈಗೆ, ನೆಲದ ಮೇಲೆ ಚೆಲ್ಲಿದ್ದು ಝಾಡಿಸುವವಳ ಕೈಗೆ. ಒಬ್ಬೊಬ್ಬರೂ ಒಂದು ಮೆಟ್ಟಿಲು ಹತ್ತಿದಾಗ ಕೈಯಲ್ಲಿದ್ದದ್ದನ್ನು ಕೆಳಗಿನವರಿಗೆ ಕೊಟ್ಟು ಹತ್ತುತ್ತಾರೆ. ಅಂಬೇಡ್ಕರ್ ಹೇಳಿದ ಶ್ರೇಣೀಕೃತ ಅಸಮಾನತೆ ಇದೇ ತಾನೇ? ನರ್ಸುಗಳ ಸಬಲೀಕರಣ ಅಂದರೆ ಬೆಡ್‌ಪ್ಯಾನನ್ನು ಕೆಳಕ್ಕೆ ದಾಟಿಸುವುದೇ? ಅಕ್ಕ ಕೇಸ್‌ಶೀಟ್ ಬರೆಯುತ್ತಾ ಕೇಳಿಸಿಕೊಂಡಳು. ಆಮೇಲೆ ತಲೆ ಎತ್ತಿ, "ರಾತ್ರಿ ಮೂವತ್ತೆಂಟು ಜನಕ್ಕೆ ನಾನೊಬ್ಳೇ. ಕೌನ್ಸಿಲ್ಲಿನವರು ಐದು ಹಾಸಿಗೆಗೆ ಒಬ್ಬರು ಇರಬೇಕು ಅಂತ ಬರದವ್ರೆ. ನೀನು ಬಂದು ಬೆಡ್‌ಪ್ಯಾನ್ ನಾನೇ ಎತ್ತಬೇಕು ಅಂತೀಯ. ಮಂತ್ರಿ ಬಂದು ಸೇವೆ ಅಂತಾನೆ. ನಿಂದಕ್ಕೂ ಅವನದಕ್ಕೂ ಏನಪ್ಪ ಫರಕು?" ಅಂದಳು.

ಉತ್ತರ ಬರಲಿಲ್ಲ. ಈಗಲೂ ಪೂರ್ತಿ ಬಂದಿಲ್ಲ. ನಾವು ನೀತಿ ಹೇಳುವಾಗ ಮೂವತ್ತೆಂಟು ಹಾಸಿಗೆ ಮರೆತಿದ್ದೆವು. ನೀತಿ ಅನ್ನೋದು ಡ್ಯೂಟಿ ಪಟ್ಟಿಯ ಹೊರಗೆ ಇರುವ ಸರಕು ಅಂತ ನಾವೂ ತಿಳಿದಿದ್ದೆವು ಅಂತ ಕಾಣುತ್ತದೆ. 2016ರಲ್ಲಿ ಸುಪ್ರೀಂ ಕೋರ್ಟು ಖಾಸಗಿ ಆಸ್ಪತ್ರೆಯ ನರ್ಸುಗಳ ಸಂಬಳದ ಬಗ್ಗೆ ಸಮಿತಿ ಮಾಡಿ ಅಂದಿತು, ಅತಿ ಸಣ್ಣ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದು ಅಂತ ಸಮಿತಿ ಹೇಳಿತು. ಸಮಿತಿ ಹೇಳಿತು ಅಂತ ಮಾಲೀಕರು ಕೊಟ್ಟುಬಿಡಲಿಲ್ಲ. 2017ರಲ್ಲಿ ಕೇರಳದ ನರ್ಸುಗಳು ಬೀದಿಗೆ ಬಂದರು, ಮುಂದಿನ ವರ್ಷ ಅಲ್ಲಿನ ಸರ್ಕಾರ ಆದೇಶ ಹೊರಡಿಸಿತು. ಸೇವೆ ಮಾಡುವವರು ಮುಷ್ಕರ ಮಾಡಬಾರದು ಅಂತ ಆಗಲೂ ಉಪದೇಶ ಮಾಡಿದವರಿದ್ದರು. ಅಕ್ಕನ ಸಂಘವೂ ಹೋರಾಡುತ್ತದೆ. ಆದರೆ ಆ ಸಂಘದಲ್ಲಿ ಆಯಾಗಳು ಇಲ್ಲ. ಅವರು ಏಜೆನ್ಸಿಯವರು, ಗುತ್ತಿಗೆಯವರು, ವಾರ್ಡಿನ ಗೋಡೆಯ ಡ್ಯೂಟಿ ಬೋರ್ಡಿನಲ್ಲಿ ಅವರ ಹೆಸರು ಬರೆಯುವುದಿಲ್ಲ. ಇದನ್ನು ಅಕ್ಕನಿಗೆ ಹೇಳಿದೆವು. ಇದಕ್ಕೆ ಅವಳೂ ಉತ್ತರ ಕೊಡಲಿಲ್ಲ.

ಆ ಮಾತಾದ ಮೇಲೆ ಒಂದು ಮಳೆಗಾಲದ ಬೆಳಗ್ಗೆ ಏಳು ಗಂಟೆಗೆ, ರಾತ್ರಿಯವರು ಹಗಲಿನವರಿಗೆ ವಾರ್ಡು ಒಪ್ಪಿಸುವ ಹೊತ್ತು. ಒಪ್ಪಿಸುವಾಗ ನರ್ಸು ನರ್ಸಿಗೆ ಮಾತ್ರ ಹೇಳುತ್ತಾಳೆ, ಅದು ರೂಢಿ. ಬಾಗಿಲ ಹತ್ತಿರ ಬಕೀಟು ಹಿಡಿದು ನಿಂತಿದ್ದ ಆಯಾ, ನಮ್ಮ ಪಕ್ಕದ ಊರಿನ ಕೇರಿಯ ಹೆಂಗಸು, ಹೆದರಿಕೊಂಡೇ ಹೇಳಿದಳಂತೆ: "ಸಿಸ್ಟ್ರೇ, ಹದಿನಾಕನೇ ಬೆಡ್ಡಿಂದು ಕರ್ರಗೆ ಹೋಗ್ತೈತೆ. ಡಾಂಬರ್ ಇದ್ದಂಗೆ." ಹಗಲಿನ ನರ್ಸು, ನಿನ್ನ ಕೆಲಸ ನೋಡು ಅಂದಳು. ಅಕ್ಕನಿಗೆ ಗೊತ್ತಿತ್ತು, ಕರ್ರಗೆ ಡಾಂಬರಿನ ಹಾಗೆ ಅಂದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ ಅಂತ. ಹೋಗಿ ನಾಡಿ ನೋಡಿದಳು, ಬಿಪಿ ನೋಡಿದಳು, ಇಳಿದಿತ್ತು. ಡಾಕ್ಟರಿಗೆ ಫೋನು. ರಕ್ತ ಏರಿಸಿದರು, ಆ ರೋಗಿ ಉಳಿದ.

ಅಕ್ಕ ರಿಪೋರ್ಟ್ ಪುಸ್ತಕದಲ್ಲಿ ಹೊತ್ತು, ನಾಡಿ, ಬಿಪಿ ಎಲ್ಲ ಬರೆದು, ಮೊದಲು ಕಂಡು ತಿಳಿಸಿದವರು ಅಂತ ಆಯಾಳ ಹೆಸರು ಬರೆದಳು. ಮೇಲಿನವರು ಕರೆಸಿ, ರಿಪೋರ್ಟಿನಲ್ಲಿ ಗುತ್ತಿಗೆಯವರ ಹೆಸರು ಬರೆಯುವ ಪದ್ಧತಿ ಇಲ್ಲ, ಹೊಡೆದುಹಾಕು ಅಂದರು. ಸರ್ಕಾರಿ ದಾಖಲೆಯಲ್ಲಿ ಬರೆದದ್ದನ್ನು ಹೊಡೆದುಹಾಕುವುದೂ ಪದ್ಧತಿ ಅಲ್ಲ ಮೇಡಂ ಅಂದಳಂತೆ ಅಕ್ಕ. ಹೆಸರು ಹಾಗೇ ಇದೆ. ಅಕ್ಕನನ್ನು ಬೇರೆ ವಾರ್ಡಿಗೆ ಹಾಕಿದರು. ಎರಡು ತಿಂಗಳಿಗೆ ಗುತ್ತಿಗೆ ಬದಲಾಯಿತು, ಹೊಸ ಏಜೆನ್ಸಿಯ ಪಟ್ಟಿಯಲ್ಲಿ ಆಯಾಳ ಹೆಸರಿರಲಿಲ್ಲ. ಈಗ ಅವಳು ಯಾವುದೋ ಕಲ್ಯಾಣಮಂಟಪದಲ್ಲಿ ಪಾತ್ರೆ ತೊಳೆಯುತ್ತಾಳೆ ಅಂತ ಕೇಳಿದೆವು. ಅಕ್ಕ ಸಂಘದ ಮೀಟಿಂಗಿನಲ್ಲಿ ಈ ವಿಷಯ ಎತ್ತಿದ್ದಾಳೆ, ಆಯಾಗಳನ್ನು ಸದಸ್ಯರಾಗಿ ಸೇರಿಸಿಕೊಳ್ಳಬೇಕು ಅಂತ. ಮುಂದಿನ ಮೀಟಿಂಗಿಗೆ ಇಟ್ಟಿದ್ದಾರಂತೆ.